ಗಾಳಿ ತಾಗದ ಗಾಯ

ಬಳ್ಳಾರಿಯ ಒಂದು ಪದವಿ ಕಾಲೇಜಿನಲ್ಲಿ ನಾನು ಸೂಕ್ಷ್ಮಜೀವಿಗಳ ಪಾಠ ಮಾಡುತ್ತೇನೆ. ವರ್ಷಕ್ಕೊಮ್ಮೆ ಮಾಂಸದ ಪಾಠ ಬರುತ್ತದೆ. ಕೌಲ್ ಬಜಾರಿನ ನಮ್ಮ ಮನೆಯ ಹತ್ತಿರದ ಅಂಗಡಿಯಿಂದ ಕುರಿಯ ಗುಂಡಿಗೆ ತಂದು, ಕೊಬ್ಬು ತೆಗೆದು, ಸಣ್ಣಗೆ ಕೊಚ್ಚಿ, ಬೇಯಿಸಿ, ಗಾಜಿನ ಕೊಳವೆಗಳಿಗೆ ತುಂಬುತ್ತೇವೆ. ಗಾಳಿಯಲ್ಲಿ ಬದುಕಲಾರದ ಬ್ಯಾಕ್ಟೀರಿಯಾಗಳನ್ನು ಅದರೊಳಗೆ ಬಿಟ್ಟು, ಮೇಲೆ ಗಾಳಿ ತಾಗದಂತೆ ಮೇಣದೆಣ್ಣೆಯ ಪದರ ಹಾಕುತ್ತೇವೆ. ಕೆಲವು ದಿನ ಬಿಟ್ಟು ನೋಡಿದರೆ ಮಾಂಸ ಕಪ್ಪಾಗಿ ಕರಗಿರುತ್ತದೆ. ಕೊಳವೆಯ ಬಾಯಿ ತೆಗೆದ ಕೂಡಲೇ ಹುಡುಗಿಯರು ದುಪಟ್ಟಾದಿಂದ ಮೂಗು ಮುಚ್ಚಿಕೊಳ್ಳುತ್ತಾರೆ, ಹುಡುಗರು ಧೈರ್ಯಸ್ಥರಂತೆ ನಿಂತಿದ್ದು ಆಮೇಲೆ ಕಿಟಕಿಯ ಕಡೆ ಜಾರುತ್ತಾರೆ. ಎರಡೂ ಗುಂಪಿಗೆ ನಾನು ಒಂದೇ ಮಾತು ಹೇಳುತ್ತೇನೆ: ಮೂಗು ಬಿಡಿ, ಈ ವಾಸನೆ ನಿಮ್ಮ ಪಾಠದ್ದೇ ಭಾಗ, ಪರೀಕ್ಷೆಗೆ ಬರುತ್ತದೆ.

ಪಾಠ ಹೀಗೆ. ಊಟದಿಂದ ಶಕ್ತಿ ತೆಗೆಯುವಾಗ ಎಲೆಕ್ಟ್ರಾನುಗಳು ಉಳಿದುಬಿಡುತ್ತವೆ. ಅವನ್ನು ಯಾರಾದರೂ ಕೈನೀಡಿ ಇಸಿದುಕೊಳ್ಳಬೇಕು, ಇಲ್ಲದಿದ್ದರೆ ಕೆಲಸ ನಿಂತುಹೋಗುತ್ತದೆ. ನಮಗೆ ಆ ಕೈ ಆಮ್ಲಜನಕ. ನಾವು ಉಸಿರಾಡುವುದೇ ಅದಕ್ಕೆ. ಗಾಳಿಯಿಲ್ಲದ ಕಡೆ ಬದುಕುವ ಈ ಜೀವಿಗಳಿಗೆ ಆ ಸೌಕರ್ಯವಿಲ್ಲ. ಅದಕ್ಕೆ ಅವು ಮಾಂಸದ ಪ್ರೋಟೀನನ್ನು ಮೊದಲು ಅಮೈನೊ ಆಮ್ಲಗಳಾಗಿ ಕತ್ತರಿಸುತ್ತವೆ, ಆಮೇಲೆ ಅವುಗಳಲ್ಲೇ ಜೋಡಿ ಮಾಡುತ್ತವೆ. ಅಲನಿನ್ ಕೊಡುತ್ತದೆ, ಗ್ಲೈಸಿನ್ ಇಸಿದುಕೊಳ್ಳುತ್ತದೆ. ಒಂದು ಅಮೈನೊ ಆಮ್ಲದ ಭಾರವನ್ನು ಇನ್ನೊಂದು ಹೊತ್ತು, ಎರಡೂ ಮುರಿದುಬೀಳುತ್ತವೆ. ಉಳಿಯುವುದು ಅಮೋನಿಯಾ, ಒಂದಿಷ್ಟು ಹುಳಿ ಆಮ್ಲ, ಒಂದಿಷ್ಟು ಅನಿಲ. ಬೇರೆ ಕೆಲವು ಅಮೈನೊ ಆಮ್ಲಗಳಿಂದ ಹೆಣದ ವಾಸನೆ ಹುಟ್ಟುತ್ತದೆ. ಇಷ್ಟೆಲ್ಲ ಮಾಡಿದರೂ ಆ ಜೀವಿಗೆ ಸಿಗುವ ಶಕ್ತಿ ಅತ್ಯಲ್ಪ. ಬದುಕಬೇಕೆಂದರೆ ಅದು ತುಂಬ ತಿನ್ನಬೇಕು, ಬೇಗ ಬೇಗ ತಿನ್ನಬೇಕು. ದುಷ್ಟತನ ಏನೂ ಇಲ್ಲ, ಬಡತನ ಅಷ್ಟೇ ಎಂದು ಹೇಳಿ ನಾನು ಬೋರ್ಡು ಒರೆಸುತ್ತೇನೆ.

ಇದೇ ಲ್ಯಾಬಿನಲ್ಲಿ ಗಾಳಿ ಬೇಕಾದ ಬ್ಯಾಕ್ಟೀರಿಯಾಗಳೂ ಇವೆ. ಅವುಗಳ ಕೊಳವೆಗಳಿಗೆ ಅರಳೆಯ ಬಿರಡೆ ಹಾಕುತ್ತೇವೆ. ಔಷಧಿ ಅಂಗಡಿಯ ಬಿಳಿ ಅರಳೆ ಇದಕ್ಕೆ ಬರುವುದಿಲ್ಲ, ಅದು ನೀರು ಕುಡಿಯುತ್ತದೆ. ಬೇಕಾದದ್ದು ಗಿಡದ ಎಣ್ಣೆಯಂಶ ಹಾಗೇ ಇರುವ ಕಚ್ಚಾ ಅರಳೆ. ಅದನ್ನು ನನ್ನ ಅಣ್ಣ ತಂದುಕೊಡುತ್ತಿದ್ದ.

ನಮ್ಮದು ಹತ್ತಿ ಹಿಂಜಿ ಗಾದಿ ಹೊಲಿಯುವ ಮುಸಲ್ಮಾನರ ಮನೆತನ. ಮನೆಯಲ್ಲಿ ಮಾತು ಕನ್ನಡ, ಸಂತೆಯಲ್ಲಿ ತೆಲುಗು, ನಮಾಜಿನ ಹೊತ್ತಿಗೆ ಬೇಕಾದಷ್ಟು ಉರ್ದು. ಅಪ್ಪ ಹೋದ ಮೇಲೆ ಕಸುಬನ್ನು ಹಿಡಿದವನು ಅಣ್ಣ. ಕುರುಗೋಡಿನಲ್ಲಿ ಅವನ ಮನೆ. ಸರಕಿನ ಆಟೊವೊಂದಕ್ಕೆ ಹಿಂಜುವ ಯಂತ್ರ ಕೂಡಿಸಿಕೊಂಡು ಸಿರುಗುಪ್ಪ, ತೆಕ್ಕಲಕೋಟೆ, ರೂಪನಗುಡಿ ಎಂದು ಊರೂರು ತಿರುಗಿ, ಮನೆಯಂಗಳದಲ್ಲೇ ಹಳೆಯ ಗಾದಿ ಬಿಚ್ಚಿ, ಅರಳೆ ಹಿಂಜಿ, ಹೊಸದಾಗಿ ಹೊಲಿದುಕೊಡುತ್ತಾನೆ. ಫೋಮಿನ ಹಾಸಿಗೆ ಬಂದು ಕಸುಬು ಅರ್ಧವಾದರೂ ಇವನ ಬಾಯಿ ಅರ್ಧವಾಗಿಲ್ಲ. ಫೋಮಿನ ಮೇಲೆ ಮಲಗಿದವರನ್ನು ಕಂಡರೆ ಸಾಕು, "ಯಾಕ್ರಿ, ಮೈಯಾಗ ಹುಷಾರಿಲ್ಲೇನ್ರಿ?" ಎಂದು ಕೇಳುತ್ತಾನೆ.

ಗಾದಿ ಹೊಲಿಯುವುದು ಕೈಯ ಕೆಲಸ ಎಂದು ನೋಡುವವರು ತಿಳಿಯುತ್ತಾರೆ. ಅದು ಕಾಲಿನ ಕೆಲಸ. ಗಾದಿಯ ಅಂಚನ್ನು ಹಿಮ್ಮಡದಿಂದ ಒತ್ತಿ ಹಿಡಿದು, ಮೈಭಾರವೆಲ್ಲ ಆ ಹಿಮ್ಮಡದ ಮೇಲೆ ಬಿಟ್ಟು, ಬಗ್ಗಿ, ದಬ್ಬಣವನ್ನು ಈ ಕಡೆಯಿಂದ ಆ ಕಡೆಗೆ ಎಳೆಯಬೇಕು. ಅಂಚು ಕಲ್ಲಿನ ಹಾಗೆ ಗಟ್ಟಿಯಾಗಿ ಕೂರುವುದು ಹಿಮ್ಮಡದ ಒತ್ತಿನಿಂದ. ಅಣ್ಣನ ಬಲ ಹಿಮ್ಮಡ ಎಮ್ಮೆಯ ಗೊರಸಿನಷ್ಟು ದಪ್ಪವಾಗಿತ್ತು. ಅದನ್ನೇ ತಟ್ಟಿ ತೋರಿಸಿ, ನಮ್ಮಪ್ಪ ಬಿಟ್ಟುಹೋದ ಆಸ್ತಿ ಇದು ಎನ್ನುತ್ತಿದ್ದ.

ಮೊದಲ ಸಲ ಅರಳೆ ತಂದಾಗ ಅವನು ಲ್ಯಾಬಿನೊಳಗೆ ಚಪ್ಪಲಿ ಬಿಟ್ಟೇ ಬಂದ. ಮಸೀದಿಯಲ್ಲಪ್ಪ ಇದು, ಹಾಕಿಕೋ ಎಂದರೂ ಕೇಳಲಿಲ್ಲ. ಬಿರಡೆ ಹಾಕಿದ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡಿದ.

"ಈ ಅರಳಿ ದಾಟಿ ಹುಳ ಒಳಗ ಹೋಗಂಗಿಲ್ಲೇನು?"

"ಹೋಗಂಗಿಲ್ಲಣ್ಣ. ಎಳಿ ಎಳಿ ನಡುವ ಸಿಕ್ಕೊಂಡು ಬಿಡ್ತಾವ."

"ಮತ್ತ ಗಾಳಿ?"

"ಗಾಳಿ ಹೋಗತೈತಿ."

ಅವನ ಮುಖ ಊರಗಲವಾಯಿತು. ನಮ್ಮ ಅರಳೆ ಹುಳವನ್ನು ತಡೆಯುತ್ತದೆ, ಗಾಳಿಯನ್ನು ಬಿಡುತ್ತದೆ, ಕಾಲೇಜಿನಲ್ಲಿ ನನ್ನ ತಂಗಿ ಹೇಳ್ಯಾಳ ಎಂದು ಕುರುಗೋಡಿನಿಂದ ಸಿರುಗುಪ್ಪದವರೆಗೆ ಸಾರಿಕೊಂಡು ಬಂದ. ಗಾದಿ ಬೇಡವೆಂದವರಿಗೂ ಈ ಮಾತು ಹೇಳಿ ನಿಲ್ಲಿಸಿಕೊಳ್ಳುತ್ತಿದ್ದನಂತೆ. ನನಗೆ ನಾಚಿಕೆಯೂ ಆಗುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು.

ನಮ್ಮ ಮನೆತನದಲ್ಲಿ ಗಾಯಕ್ಕೆ ಮದ್ದು ಒಂದೇ. ಒಂದು ಹಿಡಿ ಅರಳೆಗೆ ಬೆಂಕಿ ತೋರಿಸಿ, ಕರಿ ಬೂದಿ ಮಾಡಿ, ಗಾಯಕ್ಕೆ ಮೆತ್ತಿ, ಮೇಲೆ ಹೊಸ ಅರಳೆ ಇಟ್ಟು ಕಟ್ಟುವುದು. ದಬ್ಬಣ ಬೆರಳಿಗೆ ಹೊಕ್ಕರೂ ಅದೇ, ಮಕ್ಕಳು ಬಿದ್ದು ಮೊಣಕಾಲು ತರಚಿಕೊಂಡರೂ ಅದೇ. ಮೇಲಿನ ಗಾಯಕ್ಕೆ ಅದರಿಂದ ಕೆಟ್ಟದ್ದೇನೂ ಆಗುವುದಿಲ್ಲ, ರಕ್ತ ನಿಲ್ಲುತ್ತದೆ. ನನ್ನ ಗದ್ದದ ಕೆಳಗೆ ಅಂಥ ಒಂದು ಕಪ್ಪು ಗುರುತು ಇವತ್ತಿಗೂ ಇದೆ. ಇನ್ನೊಂದು ನಂಬಿಕೆ ಈ ಸೀಮೆಯ ಎಲ್ಲ ಮನೆಗಳದ್ದು: ಗಾಯಕ್ಕೆ ಒಗ್ಗರಣೆಯ ವಾಸನೆ ತಾಗಬಾರದು, ತಾಗಿದರೆ ನಂಜಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಗಾಯವಾದರೆ ಸಾಸಿವೆ ಸಿಡಿಸುವ ಮೊದಲು ಅವರನ್ನು ಹೊರಗೆ ಕಳಿಸುತ್ತಾರೆ.

ತೆಕ್ಕಲಕೋಟೆಯಲ್ಲಿ ಒಬ್ಬರು ಹಳೆಯ ಗಾದಿಯನ್ನು ದನದ ಕೊಟ್ಟಿಗೆಯಲ್ಲಿ ಹಾಕಿದ್ದರು. ಮಳೆಗಾಲ. ಗಾದಿ ಎಳೆಯಲು ಹೋದ ಅಣ್ಣನ ಬಲ ಹಿಮ್ಮಡಕ್ಕೆ, ಸಗಣಿಯಲ್ಲಿ ಹೂತಿದ್ದ ತುಕ್ಕಿನ ಮೊಳೆ ಚಪ್ಪಲಿ ತೂರಿಕೊಂಡು ಹೊಕ್ಕಿತು. ಕೆಲಸದ ಹೊತ್ತಿನಲ್ಲಿ ಅವನು ಹರಿದ ಚಪ್ಪಲಿಯನ್ನೇ ಹಾಕುವವನು. ಸಕ್ಕರೆ ಕಾಯಿಲೆಯೂ ಇತ್ತು, ನೆನಪಾದಾಗ ಗುಳಿಗೆ ನುಂಗುತ್ತಿದ್ದ, ಅಂಗಾಲಿನಲ್ಲಿ ಸ್ಪರ್ಶ ಅರ್ಧಕ್ಕರ್ಧ ಸತ್ತಿತ್ತು. ಹಾಗಾಗಿ ನೋವೂ ಅಷ್ಟಾಗಲಿಲ್ಲ. ಮೊಳೆ ಕಿತ್ತೆಸೆದು, ಮನೆಗೆ ಹೋಗುವ ದಾರಿಯಲ್ಲಿ ಟಿ.ಟಿ. ಸೂಜಿ ಹಾಕಿಸಿಕೊಂಡ. ಸೂಜಿ ಹಾಕಿದವರು ಬಳ್ಳಾರಿಗೆ ಹೋಗಿ ತೋರಿಸು ಎಂದರಂತೆ. ಅದನ್ನು ಕಿವಿಗೆ ಹಾಕಿಕೊಳ್ಳಲಿಲ್ಲ.

ಅಣ್ಣ ಆಮೇಲೆ ಮಾಡಿದ್ದನ್ನು ಹತ್ತಿಯವರ ಮನೆಯಲ್ಲಿ ಹುಟ್ಟಿದವನಷ್ಟೇ ಮಾಡಬಲ್ಲ. ತೂತು ಆಳವಾಗಿದೆ, ಬೂದಿ ಮೇಲೆ ಮೆತ್ತಿದರೆ ಒಳಗೆ ಹೋಗುವುದಿಲ್ಲ ಎಂದು ಅವನಿಗೆ ಅನ್ನಿಸಿತು. ಅರಳೆಯನ್ನು ಸುಟ್ಟು, ಆ ಬೂದಿಯನ್ನು ಹೊಸ ಅರಳೆಗೆ ಹೊರಳಿಸಿ, ಬತ್ತಿ ಹೊಸೆದು, ದಬ್ಬಣದ ಮೊಂಡು ತುದಿಯಿಂದ ಗಾಯದೊಳಗೆ ತುರುಕಿದ. ಗಾದಿಯ ಮೂಲೆಗೆ ಅರಳೆ ತುಂಬುವ ಹಾಗೆ, ಇನ್ನು ಹಿಡಿಯುವುದಿಲ್ಲ ಎನ್ನುವವರೆಗೆ ತುಂಬಿದ. ಮೇಲೆ ಬಿಗಿಯಾಗಿ ಬಟ್ಟೆ ಕಟ್ಟಿದ. ಒಗ್ಗರಣೆ ತಾಗಬಾರದೆಂದು ಅದರ ಮೇಲೆ ಪ್ಲಾಸ್ಟಿಕ್ ಚೀಲ ಸುತ್ತಿ ಹುರಿ ಬಿಗಿದ. ಸಿರುಗುಪ್ಪದ ಒಂದು ಮದುವೆ ಮನೆಗೆ ಗಾದಿಗಳ ಕೆಲಸ ಒಪ್ಪಿಕೊಂಡಿದ್ದ. ಮರುದಿನವೇ ಅಲ್ಲಿಗೆ ಹೋಗಿ, ಅದೇ ಹಿಮ್ಮಡದಿಂದ ಗಾದಿಯ ಅಂಚು ಒತ್ತಿ ಹೊಲಿಯತೊಡಗಿದ.

ಇದೊಂದೂ ನನಗೆ ಗೊತ್ತಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಅತ್ತಿಗೆ ಫೋನು ಮಾಡಿದಳು. ಅವಳೂ ಗಂಡನ ಜೊತೆ ಸಿರುಗುಪ್ಪದಲ್ಲೇ ಕೆಲಸಕ್ಕಿದ್ದಳು.

"ತಂಗೆವ್ವಾ, ನಿಮ್ಮಣ್ಣಗ ಜ್ವರ ಬಂದಾವ. ಕಾಲು ಬಾತೈತಿ. ದವಾಖಾನಿಗಿ ಹೋಗೂಣು ಅಂದ್ರ ಗಾದಿ ಮುಗೀಲಿ ಅಂತಾನ. ನನ್ನ ಮಾತು ಕೇಳವಲ್ಲ. ನೀ ಬಾರವ್ವ."

"ಗಾಯ ಹೆಂಗೈತಿ?"

"ನೋಡಾಕ ಬಿಡವಲ್ಲ. ಆದ್ರ ವಾಸನಿ ಬರಾಕತ್ತೈತಿ."

ನಾನು ರಜೆ ಹಾಕಿ ಬೆಳಗಿನ ಬಸ್ಸು ಹತ್ತಿದೆ. ಕಾಲುವೆ ನೀರು ಬಿಟ್ಟಿದ್ದರಿಂದ ದಾರಿಯುದ್ದಕ್ಕೂ ಭತ್ತದ ನಾಟಿ ನಡೆದಿತ್ತು. ಬಸ್ಸಿನಲ್ಲಿ ಕೂತು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಕೀವಾಗಿದ್ದರೆ ವಾಸನೆ ಬರುತ್ತದೆ, ಎಲ್ಲ ವಾಸನೆಯೂ ಒಂದೇ ಅಲ್ಲ, ಅತ್ತಿಗೆ ಮೊದಲೇ ಗಾಬರಿಯ ಹೆಣ್ಣು. ಸಿರುಗುಪ್ಪ ಬರುವವರೆಗೂ ಇದನ್ನೇ ಜಪಿಸಿದೆ.

ಮದುವೆ ಮನೆಯ ಹಿತ್ತಲಿನಲ್ಲಿ ತಗಡಿನ ಚಪ್ಪರದ ಕೆಳಗೆ ಅಣ್ಣ ಗಾದಿಯ ಮೇಲೆ ಬಗ್ಗಿದ್ದ. ಮುಖ ಬೂದಿ ಬಣ್ಣ, ಹಣೆಯ ತುಂಬ ಬೆವರು. ನನ್ನನ್ನು ಕಂಡು ನಕ್ಕ. "ಬಾರವ್ವ ಪ್ರೊಫೆಸರಮ್ಮ, ನಿನ್ನ ಹುಡುಗರೆಲ್ಲ ಪಾಸಾದ್ರೇನು?" ಎಂದ. ಹತ್ತಿರ ಹೋದ ಕೂಡಲೇ ಆ ವಾಸನೆ ಬಂತು. ವರ್ಷ ವರ್ಷ ಕೊಳವೆಯ ಬಾಯಿ ತೆಗೆದಾಗ ಬರುವ ವಾಸನೆ, ಅದೇ, ಒಂದು ಚೂರೂ ವ್ಯತ್ಯಾಸವಿಲ್ಲ.

"ಕಾಲು ತೋರ್ಸಣ್ಣ."

"ಏನೂ ಆಗಿಲ್ಲ ಬಿಡಲೇ. ಟಿ.ಟಿ. ಮಾಡ್ಸೀನಿ."

"ಟಿ.ಟಿ. ಒಂದ ಹುಳಕ್ಕ. ನಿನ್ನ ಕಾಲಾಗ ಇರೋದು ಬ್ಯಾರೆ. ತೋರ್ಸು ಅಂದ್ರ ತೋರ್ಸು!"

ನಾನು ಕಿರುಚಿದ್ದಕ್ಕೆ ಮದುವೆ ಮನೆಯ ಹೆಂಗಸರು ಹೊರಗೆ ಬಂದು ನೋಡಿದರು. ಅಣ್ಣ ಕಾಲು ಚಾಚಿದ. ಚೀಲ ಬಿಚ್ಚಿದೆ, ಬಟ್ಟೆ ಬಿಚ್ಚಿದೆ. ಹಿಮ್ಮಡದ ಸುತ್ತ ಚರ್ಮ ಕಂಚಿನ ಬಣ್ಣಕ್ಕೆ ತಿರುಗಿ, ಅಲ್ಲಲ್ಲಿ ನೇರಳೆಯಾಗಿತ್ತು. ಬಾವು ಕಣಕಾಲನ್ನು ದಾಟಿತ್ತು. ನಾನು ಬೆರಳಿಟ್ಟು ಒತ್ತಿದೆ. ಒಳಗೆ ಮಂಡಕ್ಕಿಯ ಚೀಲ ಒತ್ತಿದಂತೆ ಚರಚರ ಎಂದಿತು. ಮಾಂಸದೊಳಗೆ ಗಾಳಿಗುಳ್ಳೆ ಹುಟ್ಟಿದಾಗ ಹಾಗಾಗುತ್ತದೆ ಎಂದು ನಾನು ಪಾಠದಲ್ಲಿ ಹೇಳುತ್ತೇನೆ. ಬೆರಳಿನಿಂದ ಮುಟ್ಟಿದ್ದು ಅದೇ ಮೊದಲು.

"ಇದರೊಳಗ ಏನು ತುಂಬೀಯಣ್ಣ?"

"ಅರಳಿ." ಅವನು ಹೆಮ್ಮೆಯಿಂದಲೇ ಹೇಳಿದ. "ನಿನ್ನ ಗಾಜಿನ ಕೊಳವಿಗಿ ಹಾಕ್ತೀರಲ್ಲ, ಹಂಗ ಹಾಕೀನಿ. ಹುಳ ಹೋಗಂಗಿಲ್ಲ, ಗಾಳಿ ಹೋಗತೈತಿ. ನೀನ ಹೇಳಿದ್ದಿಯಲ್ಲ?"

ಒಣ ಅರಳೆ ಗಾಳಿ ಬಿಡುತ್ತದೆ, ರಕ್ತದಲ್ಲಿ ನೆನೆದು ಒತ್ತಾದ ಅರಳೆ ಬಿಡುವುದಿಲ್ಲ. ಹುಳ ಹೊರಗಿನಿಂದ ಬರಬೇಕಾಗಿಯೇ ಇರಲಿಲ್ಲ, ಮೊಳೆಯ ಜೊತೆ ಸಗಣಿಯಿಂದ ಒಳಗೆ ಹೋಗಿ ಕೂತಾಗಿತ್ತು. ಅವನು ಬಿರಡೆ ಹಾಕಿ, ಮೇಲೆ ಪ್ಲಾಸ್ಟಿಕ್ ಸುತ್ತಿ, ನಾನು ಎಣ್ಣೆ ಹಾಕಿ ಮಾಡುವ ಏರ್ಪಾಟನ್ನು ತನ್ನ ಹಿಮ್ಮಡದಲ್ಲೇ ಮಾಡಿಕೊಂಡಿದ್ದ. ನನ್ನ ಮೇಲಿನ ನಂಬಿಕೆಯಿಂದ ಮಾಡಿಕೊಂಡಿದ್ದ. ಎತ್ತಿ ಬಡಿಯಬೇಕೆನಿಸಿತು, ಅವನ ಕಾಲು ಹಿಡಿದು ಅಳಬೇಕೆಂದೂ ಅನಿಸಿತು. ಎರಡನ್ನೂ ಮಾಡದೆ, "ಏಳು, ಬಳ್ಳಾರಿಗೆ ಹೋಗೂಣು" ಎಂದೆ.

"ಇದೊಂದು ಗಾದಿ ಐತಿ. ಮುಗಿಸಿ ಬರ್ತೀನಿ."

"ಅಣ್ಣ, ಕಾಲು ಹೋಗತೈತಿ."

"ಹೆದರಸಬ್ಯಾಡ ನೀನು."

"ಹೆದರಸಾಕತ್ತಿಲ್ಲ. ಕಾಲು ಹೋಗತೈತಿ. ಇನ್ನೊಂದು ದಿನ ಬಿಟ್ರ ನೀನೂ ಹೋಗ್ತಿ."

ಅವನು ನನ್ನ ಮುಖ ನೋಡಿದ. ಪಾಠ ಮಾಡುವವಳ ಮುಖ ಹೇಗಿರುತ್ತದೋ ನನಗೆ ಗೊತ್ತಿಲ್ಲ, ಅವನಿಗೆ ಅದು ಅರ್ಥವಾಯಿತು. ದಬ್ಬಣವನ್ನು ಗಾದಿಯಲ್ಲೇ ಚುಚ್ಚಿಟ್ಟು ಅತ್ತಿಗೆಯ ಭುಜ ಹಿಡಿದು ಎದ್ದ. ಅತ್ತಿಗೆಯ ತಮ್ಮ ಅದೇ ಊರಿನಲ್ಲಿದ್ದ, ಅವನು ಬಂದು ಅಣ್ಣನ ಆಟೊ ಓಡಿಸಿದ. ಹಿಂದೆ, ಹಿಂಜುವ ಯಂತ್ರದ ಪಕ್ಕ, ಅರಳೆಯ ಮೂಟೆಗಳ ಮೇಲೆ ಅಣ್ಣನನ್ನು ಮಲಗಿಸಿ ನಾನೂ ಅತ್ತಿಗೆಯೂ ಎರಡು ಕಡೆ ಕೂತೆವು. ದಾರಿಯಲ್ಲಿ ಅವನು ಒಂದೇ ಮಾತು ಕೇಳಿದ: ಕಾಲು ಹೋಗದೆ ಉಳಿಯುವ ದಾರಿ ಇದೆಯೇ ಎಂದು. ಇದೆ, ಬೇಗ ಕೊಯ್ದು ಗಾಳಿಗೆ ತೆರೆದರೆ ಉಳಿದರೂ ಉಳಿಯಬಹುದು ಎಂದೆ. ಅದು ಸುಳ್ಳಾಗಿರಲಿಲ್ಲ. ಆದರೆ ಆ ಚರಚರ ನನ್ನ ಬೆರಳ ತುದಿಯಲ್ಲಿ ಇನ್ನೂ ಇತ್ತು.

ಬಳ್ಳಾರಿಯ ಆಸ್ಪತ್ರೆಯಲ್ಲಿ ಶಸ್ತ್ರವೈದ್ಯೆ ಮಾತು ಕಡಿಮೆಯ ಹೆಂಗಸು. ನೋಡಿದರು, ಮೂಸಿದರು, ಕೂಡಲೇ ಒಳಗೆ ಕರೆದುಕೊಂಡು ಹೋದರು. ಅರಳೆ ಕಿತ್ತು, ಸತ್ತ ಮಾಂಸ ಕೊಯ್ದು, ತೊಳೆದು, ಹಿಮ್ಮಡವನ್ನು ಉದ್ದಕ್ಕೂ ಸೀಳಿ ಹಾಗೇ ಬಿಟ್ಟರು. ಮೇಲೆ ಸಡಿಲವಾಗಿ ಬಟ್ಟೆ ಹೊದಿಸಿದರು, ಅಷ್ಟೇ. ಅರಿವಳಿಕೆಯ ಮತ್ತು ಇಳಿದ ಮೇಲೆ ಅದನ್ನು ನೋಡಿದ ಅಣ್ಣನಿಗೆ ಸಿಟ್ಟು ಬಂತು.

"ಇದೇನಿದು, ಹೊಲ್ದ ಇಲ್ಲಲ್ಲ! ಹರದದ್ದು ಹಂಗ ಬಿಟ್ಟಾರ. ನಾ ಹಿಂಗ ಗಾದಿ ಕೊಟ್ರ ಮುಖದ ಮ್ಯಾಲೆ ಒಗೀತಾರ ಮಂದಿ."

"ಹೊಲಿಬಾರದು. ಗಾಳಿ ಆಡಬೇಕು."

"ಡಾಕ್ಟರಮ್ಮಗ ಹೊಲಿಗಿ ಬರಂಗಿಲ್ಲ ಅಂತ ಕಾಣತೈತಿ. ದಾರ ಕೊಡು, ನಾನ ಹೊಲ್ಕೋತೀನಿ."

ಅತ್ತಿಗೆ ಅಳುತ್ತಿದ್ದವಳು ನಕ್ಕುಬಿಟ್ಟಳು. ನಾನೂ ನಕ್ಕೆ. ಅಣ್ಣ ಹಾಸಿಗೆಯನ್ನು ತಟ್ಟಿ ನೋಡಿ, ಇದೂ ಫೋಮೇ, ಇದರ ಮೇಲೆ ಮಲಗಿದವರು ಹೆಂಗ ಎದ್ದಾರು ಎಂದ. ಆ ಸಂಜೆ ಅವನು ಗೆಲುವಾಗಿದ್ದ. ಉಳಿದುಬಿಟ್ಟನಪ್ಪ ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ, ಹಾಗೆ ಅಂದುಕೊಳ್ಳಬಾರದೆಂದು ಗೊತ್ತಿದ್ದೂ ಅಂದುಕೊಂಡೆ.

ಬೆಳಿಗ್ಗೆ ಕಂಚಿನ ಬಣ್ಣ ಮೀನಖಂಡಕ್ಕೆ ಏರಿತ್ತು. ಅವನ ಮಾತು ತೊದಲುತ್ತಿತ್ತು. ವೈದ್ಯೆ ನನ್ನನ್ನು ಹೊರಗೆ ಕರೆದು, ಮೊಣಕಾಲ ಕೆಳಗೆ ತೆಗೆಯಬೇಕು, ಸಂಜೆಯವರೆಗೆ ಕಾದರೆ ಮೊಣಕಾಲೂ ಉಳಿಯುವುದಿಲ್ಲ, ಆಮೇಲೆ ಜೀವದ ಮಾತು ಎಂದರು. ಅವನ ಒಪ್ಪಿಗೆ ಬೇಕು, ನೀವೇ ಹೇಳಿ ಎಂದೂ ಅಂದರು. ಅತ್ತಿಗೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು, ಆದರೆ ಒಳಗೆ ಬರಲಿಲ್ಲ.

ಅಣ್ಣ ಕಣ್ಣು ಮುಚ್ಚಿದ್ದ. ನಾನು ಕೂತ ಸದ್ದಿಗೇ ತಿಳಿದುಕೊಂಡ.

"ಕಡೀತಾರಂತೇನು?"

"ಹೂಂ."

"ನಿನ್ನ ಹುಡುಗರಿಗಿ ಹೇಳಿದಂಗ ಹೇಳು. ಒಳಗ ಏನು ನಡದೈತಿ?"

ನಾನು ಹೇಳಿದೆ. ಮೊದಲು ಅವು ಮಾಂಸದೊಳಗಿನ ಸಕ್ಕರೆ ತಿನ್ನುತ್ತವೆ, ಅದರಿಂದ ಆ ಗಾಳಿಗುಳ್ಳೆ. ಮಾಂಸ ಸತ್ತ ಮೇಲೆ ಅದನ್ನೇ ಚೂರು ಚೂರು ಮಾಡಿ, ಒಂದು ಚೂರಿನಿಂದ ಇಸಿದು ಇನ್ನೊಂದಕ್ಕೆ ಕೊಟ್ಟು, ಅದರಿಂದ ಬದುಕುತ್ತವೆ. ಅವು ಬಿಡುವ ವಿಷಕ್ಕೆ ಮುಂದಿನ ಮಾಂಸ ಸಾಯುತ್ತದೆ, ಸತ್ತ ಕಡೆ ರಕ್ತ ಬರುವುದಿಲ್ಲ, ರಕ್ತ ಬರದ ಕಡೆ ಗಾಳಿ ಇರುವುದಿಲ್ಲ, ಗಾಳಿ ಇಲ್ಲದ ಕಡೆಗೆ ಅವು ಮತ್ತೆ ಮುಂದೆ ಹೋಗುತ್ತವೆ. ಔಷಧಿ ರಕ್ತದ ಜೊತೆ ಹೋಗುವಂಥದ್ದು, ಅಲ್ಲಿ ರಕ್ತವೇ ಇಲ್ಲ. ಅದಕ್ಕೆ ಕಡಿಯಬೇಕು. ನನ್ನ ದನಿ ಕ್ಲಾಸಿನಲ್ಲಿ ಇರುವಂತೆಯೇ ಇತ್ತು. ಹೇಗೆ ಹಾಗಿತ್ತೋ ನನಗೇ ಆಶ್ಚರ್ಯ.

"ತಪ್ಪು ಅರಳೀದೇನು?" ಎಂದು ಕೇಳಿದ.

"ಅರಳೀದಲ್ಲ. ಆಳದ ಗಾಯ ಮುಚ್ಚಿದ್ದು ತಪ್ಪು."

"ಹಂಗಾರ ಸರಿ," ಎಂದ. ಆಮೇಲೆ, "ಕಡದದ್ದನ್ನ ಕಸಕ್ಕ ಒಗೀಬ್ಯಾಡ್ರಿ. ಮಣ್ಣಿಗಿ ಕೊಡ್ರಿ. ಕುರುಗೋಡಿನಾಗ ಅಪ್ಪನ ಹತ್ರ. ನೀನ ಹೋಗಬೇಕು" ಎಂದ. ಹೆಬ್ಬೆಟ್ಟು ಒತ್ತಲು ಕೈ ಮುಂದೆ ಚಾಚಿದ.

ನಮ್ಮಲ್ಲಿ ಮೈಯಿಂದ ಬೇರೆಯಾದ ಅಂಗವನ್ನೂ ಹೂಳುತ್ತಾರೆ. ಅದಕ್ಕೆ ನಮಾಜು ಇಲ್ಲ, ಜನ ಸೇರುವುದಿಲ್ಲ, ಬಿಳಿ ಬಟ್ಟೆಯಲ್ಲಿ ಸುತ್ತಿ ಮಣ್ಣು ಮಾಡುತ್ತಾರೆ. ಶಸ್ತ್ರಕ್ರಿಯೆ ಮುಗಿದು, ಮಧ್ಯಾಹ್ನ ಆಸ್ಪತ್ರೆಯವರು ಕಡಿದ ಕಾಲಿನ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. ದಪ್ಪ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಾಯಿ ಬಿಗಿದಿದ್ದರು. ಅತ್ತಿಗೆ ಗಂಡನ ಹತ್ತಿರ ಉಳಿದಳು. ಅವಳ ತಮ್ಮ ಆಟೊ ಓಡಿಸಿದ, ನಾನು ಪಕ್ಕದಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಇಷ್ಟು ಭಾರ ಇರುತ್ತದೆಂದು ತಿಳಿದಿರಲಿಲ್ಲ.

ಖಬರಸ್ತಾನದ ಮುದುಕ ಅಪ್ಪನ ಗೋರಿಯ ಪಕ್ಕ ಮೊಣಕಾಲುದ್ದದ ಕುಣಿ ತೋಡಿಟ್ಟಿದ್ದ. ಹೆಂಗಸರು ಒಳಗೆ ಹೋಗುವ ವಾಡಿಕೆ ನಮ್ಮೂರಿನಲ್ಲಿ ಇಲ್ಲ. ನಾನು ಗೇಟಿನ ಹೊರಗೆ ನಿಂತೆ. ಅತ್ತಿಗೆಯ ತಮ್ಮ ಪೊಟ್ಟಣ ಒಯ್ದ. ಪ್ಲಾಸ್ಟಿಕ್ಕಿನ ಮೇಲೇ ಬಿಳಿ ಬಟ್ಟೆ ಸುತ್ತುತ್ತಿರುವುದು ಅಲ್ಲಿಂದ ಕಾಣಿಸಿತು.

"ಪ್ಲಾಸ್ಟಿಕ್ ತೆಗೀರಿ!" ಎಂದು ಕೂಗಿದೆ. "ಅದು ತೆಗೀರಿ, ಬರೇ ಬಟ್ಟಿಯಾಗ ಇಡ್ರಿ!"

ಮುದುಕ ತಿರುಗಿ ನೋಡಿದ. "ಯಾಕವ್ವ, ಇನ್ನ ಯಾಕ ಅದಕ್ಕ?" ಎಂದ.

ಅವನು ಕೇಳಿದ್ದು ಸರಿಯಾಗಿತ್ತು. ಇನ್ನು ಗಾಳಿ ಇದ್ದರೇನು, ಇಲ್ಲದಿದ್ದರೇನು. ಮಣ್ಣೊಳಗೆ ಮಾಡುವ ಕೆಲಸವನ್ನು ಅವು ಹೇಗೂ ಮಾಡುತ್ತವೆ, ಅದಕ್ಕೆಂದೇ ಮಣ್ಣು. ಆದರೂ ನಾನು "ತೆಗೀರಿ" ಎಂದೇ ಮತ್ತೆ ಹೇಳಿದೆ. ಅವರು ತೆಗೆದರು. ಮುಗಿದ ಮೇಲೆ ಮುದುಕ ಬಂದು, ಬೆರಳುಗಳನ್ನು ಪಡುವಣಕ್ಕೆ, ಕಾಬಾದ ಕಡೆಗೆ ಇಟ್ಟೆ ಎಂದ. ಆಗ ನನಗೆ ಅಳು ಬಂತು. ಗೇಟಿನ ಕಂಬ ಹಿಡಿದು, ಆ ಮುದುಕನ ಎದುರಿಗೇ, ನಾಚಿಕೆ ಬಿಟ್ಟು ಅತ್ತೆ.

ಆಸ್ಪತ್ರೆಗೆ ಮರಳಿದಾಗ ಅಣ್ಣನಿಗೆ ಎಚ್ಚರವಾಗಿತ್ತು. ಜ್ವರ ಇಳಿದಿತ್ತು, ಮಾತು ಸ್ಪಷ್ಟವಾಗಿತ್ತು. ಜೀವಕ್ಕೆ ಭಯವಿಲ್ಲ ಎಂದು ವೈದ್ಯೆ ಹೇಳಿ ಹೋದರಂತೆ. ಅತ್ತಿಗೆ ಗೋಡೆಗೊರಗಿ ಕೂತಲ್ಲೇ ನಿದ್ದೆ ಹೋಗಿದ್ದಳು.

"ಕೊಟ್ಟು ಬಂದ್ಯಾ?"

"ಬಂದೆ. ಅಪ್ಪನ ಬಲಕ್ಕ."

"ಮುದುಕಗ ಹೇಳಬೇಕಿತ್ತು, ಪಕ್ಕಕ್ಕ ಜಾಗ ಇಟ್ಟಿರು, ಉಳದದ್ದು ಆಮ್ಯಾಲೆ ಬರತೈತಿ ಅಂತ."

"ಸುಮ್ನಿರಣ್ಣ."

ಹೊದಿಕೆ ಒಂದು ಕಡೆ ಉಬ್ಬಿ, ಇನ್ನೊಂದು ಕಡೆ ಮೊಣಕಾಲಿನಿಂದ ಕೆಳಗೆ ಚಪ್ಪಟೆಯಾಗಿತ್ತು. ಅವನು ಅದನ್ನು ನೋಡುತ್ತಿರಲಿಲ್ಲ, ಮೇಲಿನ ಫ್ಯಾನನ್ನೇ ನೋಡುತ್ತಿದ್ದ. ನಡುನಡುವೆ ಮುಖ ಹಿಂಡುತ್ತಿದ್ದ. ನೋವೇನು ಎಂದು ಕೇಳಿದೆ.

"ನೋವಲ್ಲ," ಎಂದ. ಹೇಳಲು ಅವನಿಗೆ ನಾಚಿಕೆಯಾಗುತ್ತಿತ್ತು. "ಹಿಮ್ಮಡ ತುರಸಾಕತ್ತೈತಿ ತಂಗಿ. ಬಲಗಾಲಿಂದು. ಜೀವಾ ಹೋಗೂವಂಗ ತುರಸಾಕತ್ತೈತಿ. ಒಂಚೂರು ಕೆರಿ."

ಆ ಹಿಮ್ಮಡ ಎಲ್ಲಿದೆ, ಎಷ್ಟು ಆಳದಲ್ಲಿದೆ, ಅದಕ್ಕೆ ಈ ಹೊತ್ತು ಏನಾಗುತ್ತಿದೆ ಎಂಬುದೆಲ್ಲ ನನಗೆ ಗೊತ್ತಿತ್ತು. ನಾನು ಎದ್ದು ಮಂಚದ ಕಾಲ್ದೆಸೆಗೆ ಹೋದೆ. ಹೊದಿಕೆ ಸರಿಸಿ, ಬರಿಯ ಹಾಸಿಗೆಯ ಮೇಲೆ ಉಗುರಿಟ್ಟು ಕೆರೆಯತೊಡಗಿದೆ.

"ಅಲ್ಲಲ್ಲ," ಎಂದ ಅಣ್ಣ, ಕಣ್ಣು ಮುಚ್ಚಿಕೊಂಡು. "ಇನ್ನೊಂಚೂರು ಕೆಳಗ."

ನಾನು ಕೈಯನ್ನು ಕೆಳಗೆ ಸರಿಸಿದೆ.